ಬರೆದಂ, ಕಂಡರಿಸಿದಂ: ಕೆತ್ತನೆಯ ಕನ್ನಡ ಪದಗಳು

(ಚಿತ್ರದುರ್ಗದಲ್ಲಿ ಶಾಸನ ಮತ್ತು ಭಾಷೆಯ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ. ಪುನರುಕ್ತಿಗಳನ್ನು ತೆಗೆದು, ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಸೇರಿಸಲಾಗಿದೆ.)

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಕಿರುಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಆ ಶಾಸನಗಳ ಮಾತು ಬಂದಾಗಲೆಲ್ಲ ನಾವು ಮೌರ್ಯ ಚಕ್ರವರ್ತಿಯನ್ನು ನೆನೆಯುತ್ತೇವೆ, ಮೌರ್ಯರ ದಕ್ಷಿಣದ ಆಡಳಿತ ಕೇಂದ್ರವಾದ ಸುವರ್ಣಗಿರಿ ಎಲ್ಲಿತ್ತು ಎಂದು ಚರ್ಚಿಸುತ್ತೇವೆ, ಇಸಿಲವೆಂಬುದು ನಮ್ಮ ಬ್ರಹ್ಮಗಿರಿಯ ಹಳೆಯ ಹೆಸರೆಂದು ಹೆಮ್ಮೆಪಡುತ್ತೇವೆ. ಶಾಸನದ ಕೊಟ್ಟಕೊನೆಯಲ್ಲಿ ಬರುವ ಇನ್ನೊಂದು ಹೆಸರಿನತ್ತ ನಮ್ಮ ಗಮನ ಹೋಗುವುದು ಕಡಿಮೆ. ಅದು ಚಪಡನ ಹೆಸರು; ಕೆಲವು ವಿದ್ವಾಂಸರ ಓದಿನಲ್ಲಿ ಪಡ. ‘ಚಪಡೇನ ಲಿಖಿತೇ ಲಿಪಿಕರೇಣ’, ಅಂದರೆ ಲಿಪಿಕಾರನಾದ ಚಪಡನಿಂದ ಬರೆಯಲ್ಪಟ್ಟಿತು ಎಂಬುದು ಆ ಸಾಲಿನ ಅರ್ಥ. ಇಡೀ ಶಾಸನ ಎಡದಿಂದ ಬಲಕ್ಕೆ ಸಾಗುವ ಬ್ರಾಹ್ಮಿಯಲ್ಲಿದ್ದರೂ ಈ ‘ಲಿಪಿಕರೇಣ’ ಎಂಬ ಒಂದು ಪದ ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿದೆ. ಖರೋಷ್ಠಿ ವಾಯವ್ಯ ದಿಕ್ಕಿನ ಗಂಧಾರದ ಲಿಪಿಯಾದ್ದರಿಂದ ಚಪಡನು ಆ ಕಡೆಯಿಂದ ಬಂದವನೋ, ಅಲ್ಲಿ ಕಲಿತವನೋ ಆಗಿರಬೇಕೆಂದು ಊಹಿಸಲಾಗಿದೆ. ಕೆಲಸ ಮುಗಿಸಿದ ಮೇಲೆ ತನ್ನ ವಿದ್ಯೆಯನ್ನು ಸ್ವಲ್ಪ ಮೆರೆಸಿದ್ದಾನೆ ಎಂದು ನನಗೆ ಅನ್ನಿಸುತ್ತದೆ. ಆ ಬಂಡೆಯ ಮುಂದೆ ನಿಂತು ಖರೋಷ್ಠಿಯನ್ನು ಓದಬಲ್ಲವರು ಅಂದು ಈ ಸೀಮೆಯಲ್ಲಿ ಎಷ್ಟು ಜನ ಇದ್ದಿರಬಹುದು?

ಈ ಚಪಡ ಉಳಿ ಹಿಡಿದವನೇ, ಅಥವಾ ಬಂಡೆಯ ಮೇಲೆ ಅಕ್ಷರಗಳನ್ನು ಗೆರೆಯಲ್ಲಿ ಗುರುತಿಸಿ ಕೊಟ್ಟು, ಬಡಿಯುವ ಕೆಲಸವನ್ನು ಸ್ಥಳೀಯ ಕಲ್ಕುಟಿಗನಿಗೆ ಬಿಟ್ಟವನೇ? ಶಾಸನದ ಕ್ರಿಯಾಪದ ಇದನ್ನು ಬಿಡಿಸಿ ಹೇಳುವುದಿಲ್ಲ. ಸಂಸ್ಕೃತ ಮತ್ತು ಪ್ರಾಕೃತಗಳ ‘ಲಿಖ್’ ಧಾತುವಿಗೆ ಮೂಲದಲ್ಲಿ ಗೀರುವುದು, ಕೆರೆಯುವುದು ಎಂಬ ಅರ್ಥವಿದ್ದು, ಬರೆಯುವುದು ಎಂಬ ಅರ್ಥ ಆಮೇಲೆ ಬಂದದ್ದು. ಹಾಗಾಗಿ ಎರಡೂ ಕೆಲಸಗಳನ್ನು ಒಂದೇ ಪದ ಹೊತ್ತುಕೊಂಡಿದೆ. ಕನ್ನಡದ ಸಂಗತಿ ಬೇರೆ. ಸಾವಿರ ವರ್ಷಗಳ ಹಿಂದಿನ ಕನ್ನಡ ಶಾಸನಗಳು ಈ ಎರಡು ಕೆಲಸಗಳನ್ನು ಎರಡು ಪದಗಳಲ್ಲಿ ಬೇರೆ ಮಾಡಿ ಹೇಳುತ್ತವೆ. ನಾವಾದರೋ ಇಂದು ಪಠ್ಯಪುಸ್ತಕದಲ್ಲಿ, ಪ್ರವಾಸಿ ಫಲಕದಲ್ಲಿ, ಪತ್ರಿಕೆಯ ವರದಿಯಲ್ಲಿ ಕಲ್ಲಾಗಲಿ, ಮರವಾಗಲಿ, ಚಿನ್ನವಾಗಲಿ, ತಾಮ್ರದ ತಗಡಾಗಲಿ ಎಲ್ಲಕ್ಕೂ ‘ಕೆತ್ತನೆ’ ಎಂಬ ಒಂದೇ ಪದವನ್ನು ಬಳಸುತ್ತಿದ್ದೇವೆ. ಕಸುಬಿನವರ ಕನ್ನಡ ಹೀಗಿಲ್ಲ. ಅದು ಕೈ ಏನು ಮಾಡಿತು, ವಸ್ತು ಏನಾಯಿತು ಎಂಬುದನ್ನು ನೋಡಿ ಕ್ರಿಯಾಪದವನ್ನು ಆರಿಸುತ್ತದೆ: ತುಣುಕು ಹೊರಗೆ ಬಿತ್ತೇ, ಲೋಹ ತಗ್ಗಿ ಅಲ್ಲಿಯೇ ಉಳಿಯಿತೇ, ಸುತ್ತಲಿನದನ್ನು ತೆಗೆದು ರೂಪವನ್ನು ಉಳಿಸಿಕೊಂಡರೇ, ಇಲ್ಲವೇ ಒಂದು ರೂಪವನ್ನು ಇನ್ನೊಂದರ ಮೇಲೆ ಒತ್ತಿದರೇ ಎಂದು. ಈ ವಿಂಗಡಣೆಯನ್ನು ಕೆಲವು ಪದಗಳ ಮೂಲಕ ತೋರಿಸುವುದು ಈ ಉಪನ್ಯಾಸದ ಉದ್ದೇಶ.

‘ಬರೆ’ ಎಂಬ ಪದದಿಂದಲೇ ತೊಡಗಬಹುದು. ಬರೆಯುವುದು ಎಂದರೆ ನಮಗೆ ಈಗ ಕಾಗದದ ಮೇಲೆ ಮಸಿ ಹರಿಸುವುದು. ಆದರೆ ಕಾದ ಕಬ್ಬಿಣದಿಂದ ಮೈಮೇಲೆ ಹಾಕುವ ಗುರುತೂ ಬರೆಯೇ, ಏಟು ತಿಂದ ಬೆನ್ನಿನ ಮೇಲೆ ಏಳುವುದೂ ಬರೆಯೇ. ಓಲೆಗರಿಯ ಕಾಲದಲ್ಲಿ ಬರೆಯುವವನ ಕೈಯಲ್ಲಿದ್ದದ್ದು ಕಬ್ಬಿಣದ ಕಂಟ. ಗರಿಯನ್ನು ಎಡಗೈಯಲ್ಲಿ ಹಿಡಿದು, ಕಂಟದ ಮೊನೆಯಿಂದ ಅದರ ಮೇಲ್ಪದರವನ್ನು ಸೀಳುತ್ತ ಹೋಗುವುದೇ ಬರಹ. ಆಗ ಅಕ್ಷರ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಬರೆದು ಮುಗಿದ ಮೇಲೆ ಎಣ್ಣೆಯಲ್ಲಿ ಕಲಸಿದ ಕಾಡಿಗೆಯನ್ನು ಸವರಿ ಒರೆಸಿದಾಗ, ಸೀಳಿನಲ್ಲಿ ಉಳಿದ ಮಸಿಯಿಂದ ಅಕ್ಷರ ಮೂಡುತ್ತದೆ. ತಾಮ್ರದ ಫಲಕದ ಗೆರೆಗಳಲ್ಲಿ ಮಸಿ ತುಂಬಿ, ಮೇಲ್ಮೈಯನ್ನು ಒರೆಸಿ, ಕಾಗದಕ್ಕೆ ಒತ್ತುವ ಯುರೋಪಿನ ಮುದ್ರಣಕಲೆಯ ಮೊದಲರ್ಧ ಇದೇ ಕ್ರಮದ್ದು. ನಮ್ಮಲ್ಲಿ ಕಾಗದಕ್ಕೆ ಒತ್ತುವ ಎರಡನೆಯ ಅರ್ಧ ನಡೆಯಲಿಲ್ಲ, ಅಷ್ಟೇ. ಓಲೆ ಬರೆಯುತ್ತಿದ್ದವರು ತಾವು ಕೊರೆಯುತ್ತಿದ್ದೇವೆಂದು ಹೇಳಿಕೊಳ್ಳಲಿಲ್ಲ, ಬರೆಯುತ್ತಿದ್ದೇವೆಂದೇ ಹೇಳಿಕೊಂಡರು.

ಇನ್ನು ಕಲ್ಲಿನ ಮಾತು. ಮಧ್ಯಕಾಲದ ಶಾಸನವೊಂದು ಸಿದ್ಧವಾಗಲು ಸಾಮಾನ್ಯವಾಗಿ ಮೂವರು ಬೇಕಾಗಿದ್ದರು. ಪಾಠವನ್ನು ರಚಿಸುವವನು ಒಬ್ಬ. ಅದನ್ನು ಸಿದ್ಧಗೊಳಿಸಿದ ಕಲ್ಲಿನ ಮೇಲೆ ಸಾಲು ಹಿಡಿದು ಅಕ್ಷರಗಳಲ್ಲಿ ಇಳಿಸುವವನು ಇನ್ನೊಬ್ಬ. ಆ ಗುರುತಿನ ಮೇಲೆ ಉಳಿ ನಡೆಸುವವನು ಮೂರನೆಯವನು. ಎರಡನೆಯವನ ಕೆಲಸಕ್ಕೆ ‘ಬರೆದಂ’ ಎಂದೂ, ಮೂರನೆಯವನ ಕೆಲಸಕ್ಕೆ ‘ಕಂಡರಿಸಿದಂ’ ಎಂದೂ ಶಾಸನಗಳು ಹೇಳುತ್ತವೆ. ಶ್ರವಣಬೆಳಗೊಳದಲ್ಲಿ ಗಂಗಾಚಾರಿ ಎಂಬವನು ಹೊಯ್ಸಳರ ಕಾಲದ ಶಾಸನಗಳನ್ನು ಕಂಡರಿಸಿ, ತನ್ನ ಹೆಸರಿನ ಹಿಂದೆ ‘ಬಿರುದರೂವಾರಿಮುಖತಿಲಕಂ’ (ಬಿರುದುಳ್ಳ ಶಿಲ್ಪಿಗಳ ಮುಖಕ್ಕೆ ತಿಲಕವಾದವನು) ಎಂಬ ಬಿರುದನ್ನೂ ಕಂಡರಿಸಿಕೊಂಡಿದ್ದಾನೆ. ಓದುಗರು ಗಮನಿಸಬೇಕಾದದ್ದು ಕ್ರಿಯಾಪದವನ್ನು. ಪಾಠದಲ್ಲಿ ಛಂದಸ್ಸು ಕೆಟ್ಟಿದ್ದರೆ ಅದು ಕವಿಯ ತಪ್ಪು. ಒತ್ತಕ್ಷರ ಬಿಟ್ಟುಹೋಗಿ ಸಾಲಿನ ಕೆಳಗೆ ಸಣ್ಣದಾಗಿ ಸೇರಿದ್ದರೆ ಅದು ಬರೆದವನದೋ ಕಂಡರಿಸಿದವನದೋ ಎಂದು ವಿಚಾರಿಸಬೇಕಾಗುತ್ತದೆ. ಎಲ್ಲವನ್ನೂ ‘ಶಾಸನ ಕೆತ್ತಿದವನು’ ಎಂದು ಒಂದೇ ಹೆಸರಿಗೆ ಕಟ್ಟಿಬಿಟ್ಟರೆ ಈ ವಿಚಾರಣೆಗೇ ಎಡೆ ಇರುವುದಿಲ್ಲ.

ಕವಿಯೇ ಕಲ್ಲಿನ ತನಕ ಬಂದ ಅಪರೂಪದ ಉದಾಹರಣೆಯೂ ನಮ್ಮ ನೆರೆಯಲ್ಲಿದೆ. ಶಿವಮೊಗ್ಗ ಜಿಲ್ಲೆಯ ತಾಳಗುಂದದ ಸ್ತಂಭಶಾಸನದಲ್ಲಿ ಕದಂಬರ ವಂಶಚರಿತ್ರೆಯನ್ನು ಸಂಸ್ಕೃತದಲ್ಲಿ ಹಾಡಿದ ಕುಬ್ಜನು, ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದೆನೆಂದು ಹೇಳಿಕೊಂಡಿದ್ದಾನೆ. ಅವನು ಬಳಸಿದ ಕ್ರಿಯಾಪದವೂ ‘ಲಿಲೇಖ’. ಮತ್ತೆ ಅದೇ ಧಾತು, ಮತ್ತೆ ಅದೇ ಸಂದೇಹ. ಕವಿ ಅಕ್ಷರ ಬರೆದುಕೊಟ್ಟನೆಂದು ತಿಳಿಯುವುದೇ ಸಹಜವೆಂದು ನನ್ನ ಅಭಿಪ್ರಾಯ. ಆ ಕಂಬದ ಅಕ್ಷರಗಳ ನಯವನ್ನು ಕಂಡವರು, ಉಳಿ ಹಿಡಿದ ಕೈ ಹವ್ಯಾಸಿಯದಲ್ಲ ಎಂಬುದನ್ನು ಒಪ್ಪುತ್ತಾರೆ.

ತಾಮ್ರಶಾಸನಗಳಲ್ಲಿ ಇನ್ನೊಂದು ಬಗೆಯ ಸೂಚನೆ ಸಿಗುತ್ತದೆ. ಗಂಗರ ತಾಮ್ರಪಟಗಳ ಕೊನೆಯಲ್ಲಿ ವಿಶ್ವಕರ್ಮಾಚಾರ್ಯನೆಂಬ ಹೆಸರು ಬರುತ್ತದೆ. 776ರ ದೇವರಹಳ್ಳಿ ತಾಮ್ರಶಾಸನ ಅವನನ್ನು ಚಿತ್ರಕಲೆ ಬಲ್ಲವನೆಂದು ಹೊಗಳುತ್ತದೆ. ಕೃಷ್ಣದೇವರಾಯನ ಕಾಲದ ತಾಮ್ರಶಾಸನಗಳಲ್ಲಿ ಪಾಠ ರಚಿಸಿದವನು ಸಭಾಪತಿ; ತಾಮ್ರದ ಮೇಲೆ ಇಳಿಸಿದವನು ಮಲ್ಲಣನ ಮಗ ವೀರಣಾಚಾರ್ಯ, ಅವನಿಗೆ ‘ತ್ವಷ್ಟಾ’, ಅಂದರೆ ಕುಶಲಕರ್ಮಿ, ಎಂಬ ವಿಶೇಷಣ. ತಗಡಿನ ಅಂಚನ್ನು ಬಡಿದು ಸ್ವಲ್ಪ ಎತ್ತರಿಸುವುದು, ಹಲಗೆಗಳು ಒಂದರ ಮೇಲೊಂದು ಕುಳಿತಾಗ ಅಕ್ಷರ ಸವೆಯದಿರಲಿ ಎಂಬ ಮುಂದಾಲೋಚನೆಯಿಂದ. ತೂತಿನಲ್ಲಿ ಬಳೆ ತೂರಿಸಿ, ಬಳೆಯ ಎರಡು ತುದಿಗಳನ್ನು ಮುದ್ರೆಯೊಳಗೆ ಬೆಸೆಯುತ್ತಿದ್ದರು. ತೆರೆದು ಒಂದು ಹಲಗೆಯನ್ನು ಬದಲಿಸಿದರೆ ಬೆಸುಗೆ ಹೇಳಿಬಿಡುತ್ತದೆ. ಹೀಗೆ ಒಂದು ದಾನಪತ್ರದಲ್ಲಿ ಬಡಿಯುವುದು, ಕೊರೆಯುವುದು, ಎರಕ ಹೊಯ್ಯುವುದು, ಬೆಸೆಯುವುದು, ಮುದ್ರೆ ಒತ್ತುವುದು ಎಂಬ ಐದು ಕೆಲಸಗಳು ಕೂಡಿವೆ.

ರೂವಾರಿ, ಓಜ, ಆಚಾರಿ ಎಂಬ ಪದಗಳನ್ನೂ ಇಲ್ಲಿ ನೆನೆಯಬೇಕು. ರೂವಾರಿ ಎಂಬುದು ರೂಪಕಾರಿಯ ತದ್ಭವ. ಓಜ ಎಂಬುದು ಉಪಾಧ್ಯಾಯದ ತದ್ಭವ. ಬೇಲೂರಿನಲ್ಲಿ ಹೆಸರು ಉಳಿಸಿದ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಂಥ ಓಜರ ಪೈಕಿಯವರು. ಸೋಮನಾಥಪುರದಲ್ಲಿ ಕೆಲಸ ಮಾಡಿದ ಮಲ್ಲಿತಮ್ಮನು ಕೆಲವೆಡೆ ತನ್ನ ಹೆಸರನ್ನು ಮಲ್ಲಿ ಎಂದೂ, ಬರೀ ಮ ಎಂದೂ ಕುಗ್ಗಿಸಿ ಹಾಕಿದ್ದಾನೆ. ಇನ್ನು ರೂವಾರಿಯ ಇಂದಿನ ಪಾಡನ್ನು ಪತ್ರಿಕೆ ಓದುವ ಎಲ್ಲರೂ ಬಲ್ಲರು. ನೀರಾವರಿ ಯೋಜನೆಗೊಬ್ಬ ರೂವಾರಿ, ಚುನಾವಣೆಯ ಗೆಲುವಿಗೊಬ್ಬ ರೂವಾರಿ. ಅಪರಾಧ ಸುದ್ದಿಯಲ್ಲಂತೂ ದಿನಕ್ಕೊಬ್ಬ ‘ಕೃತ್ಯದ ರೂವಾರಿ’ ಸಿಗುತ್ತಾನೆ. ಕಲ್ಲಿನ ಕೆಲಸದವನಿಗೆ ಮಾತ್ರ ಆ ಹೆಸರು ಈಗ ಸಲ್ಲುತ್ತಿಲ್ಲ.

ಉಪಕರಣಗಳಲ್ಲಿ ಉಳಿಯನ್ನು ಎಲ್ಲರೂ ಬಲ್ಲರು. ಉಳಿಗೇ ಇರುವ ಚಾಣ ಎಂಬ ಪದ ಹಳಬರ ಬಾಯಲ್ಲಿ ಮಾತ್ರ ಉಳಿದಿದೆ. ಟಂಕ ಎಂಬುದು ಸಂಸ್ಕೃತದಿಂದ ಬಂದ ಕಲ್ಲುಳಿಯ ಹೆಸರು. ಹೆಸರಿಗಿಂತ ಇಲ್ಲಿ ಕಲ್ಲಿನ ಜಾತಿ ಮುಖ್ಯ. ಚಿತ್ರದುರ್ಗದ ಬೆಟ್ಟಗಳ ಕಲ್ಲು ಹರಳು ಹರಳಾದ ಕಗ್ಗಲ್ಲು. ಅದನ್ನು ಚಪ್ಪಟೆ ಬಾಯಿಯ ಉಳಿಯಿಂದ ಸೀಳಲು ಬರುವುದಿಲ್ಲ. ಮೊನೆಯುಳಿಯನ್ನು ನೆಟ್ಟಗೆ ನಿಲ್ಲಿಸಿ ಬಡಿದು, ಹರಳನ್ನು ಪುಡಿ ಮಾಡುತ್ತಲೇ ಮುಂದೆ ಸಾಗಬೇಕು. ಆದ್ದರಿಂದ ಅದರ ಮೇಲಿನ ಅಕ್ಷರದ ಗೆರೆಯನ್ನು ಹತ್ತಿರದಿಂದ ನೋಡಿದರೆ ಸಣ್ಣ ಸಣ್ಣ ಗುಳಿಗಳ ಸಾಲು ಕಾಣುತ್ತದೆ, ಗೆರೆಯ ಅಂಚು ಒರಟಾಗಿರುತ್ತದೆ, ಆಳ ಕಡಿಮೆಯಿರುತ್ತದೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿರುವ ಕದಂಬ ದೊರೆ ಮಯೂರಶರ್ಮನ ಶಾಸನ ಇಂಥ ಒರಟು ಬಂಡೆಯ ಮೇಲಿದೆ. ಕೆರೆ ಕಟ್ಟಿಸಿದ ಸಂಗತಿಯನ್ನು ಹೇಳುವ ಆ ಕಿರುಬರಹದ ಪಾಠದ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲದಿರುವುದಕ್ಕೆ ಆ ಕಲ್ಲಿನ ಮೈಯೂ ಒಂದು ಕಾರಣ.

ಹೊಯ್ಸಳರು ಮೆಚ್ಚಿದ ಬಳಪದ ಕಲ್ಲು ಇದಕ್ಕೆ ತೀರಾ ಭಿನ್ನ. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ತೆರೆದುಕೊಂಡಂತೆ ಗಡುಸಾಗುವ ಈ ಕಲ್ಲಿನಲ್ಲಿ ಚಪ್ಪಟೆ ಉಳಿಯನ್ನು ಓರೆಯಾಗಿ ಓಡಿಸಬಹುದು, ಕೂದಲಿನಷ್ಟು ಸಣ್ಣ ಗೆರೆ ತೆಗೆಯಬಹುದು. ನಮ್ಮ ತಲೆಮಾರಿನವರು ಸ್ಲೇಟಿನ ಮೇಲೆ ಅಕ್ಷರ ತಿದ್ದಿದ ಬಳಪವೂ ಇದೇ ಬಗೆಯ ಮೆತು ಕಲ್ಲಿನದು. ವರ್ತಕರು ಲೆಕ್ಕ ಬರೆಯುತ್ತಿದ್ದ, ಇದ್ದಿಲು ಮತ್ತು ಹುಣಸೆಬೀಜದ ಅಂಟು ಬಳಿದು ಕಪ್ಪಾಗಿಸಿದ ಬಟ್ಟೆಯ ಕಡತಕ್ಕೂ ಲೇಖನಿ ಬಳಪವೇ. ಕಡತ ಈಗ ಸರ್ಕಾರಿ ಕಚೇರಿಯ ಮೇಜು ಸೇರಿದೆ.

ಕಡೆಯುವುದು ಎಂಬ ಪದವನ್ನು ಹರಿಹರದಲ್ಲಿ ನೋಡಬೇಕು. ಹೊಯ್ಸಳ ಇಮ್ಮಡಿ ನರಸಿಂಹನ ಮಂತ್ರಿ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಮಂಟಪದ ಕಂಬಗಳನ್ನು ಮಾರ್ಗದರ್ಶಿಗಳು ‘ಕೆತ್ತಿದ ಕಂಬ’ ಎನ್ನುತ್ತಾರೆ. ಅವು ಕಡೆದ ಕಂಬಗಳು. ಕಲ್ಲನ್ನು ತಿರುಗಣಿಯಲ್ಲಿ ತಿರುಗಿಸಿ, ಉಪಕರಣವನ್ನು ಒಂದೆಡೆ ಒತ್ತಿ ಹಿಡಿದಾಗ ಮಾತ್ರ ಸುತ್ತಲೂ ಸಮನಾದ ಅಂಥ ಬಳೆಗಳು ಮೂಡುತ್ತವೆ. ವಸ್ತು ತಿರುಗುವ ಕೆಲಸ ಕಡೆಯುವುದು. ವಸ್ತು ನಿಂತು ಕೈ ಓಡುವ ಕೆಲಸ ಕೆತ್ತುವುದು. ಮೊಸರು ಕಡೆಯುವಲ್ಲಿಯೂ, ಬುಗುರಿ ಕಡೆಯುವಲ್ಲಿಯೂ ಇರುವುದು ಇದೇ ತಿರುಗುವಿಕೆ. ‘ಕಡೆದಿಟ್ಟ ಬೊಂಬೆ’ ಎಂಬ ನುಡಿಯಲ್ಲಿ ಈ ಭೇದ ಸಡಿಲವಾಗಿದೆಯಾದರೂ, ಕಂಬದ ಮುಂದೆ ನಿಂತು ಮಾತಾಡುವಾಗ ಸಡಿಲಿಸುವ ಅಗತ್ಯವಿಲ್ಲ.

ನಮ್ಮ ಚಿತ್ರದುರ್ಗದ ಕೋಟೆಯಲ್ಲಿ ಬಂಡೆಗಳ ಅಂಚಿನಲ್ಲಿ ಸಾಲಾಗಿ ಕಾಣುವ ಉದ್ದುದ್ದನೆಯ ಗುಳಿಗಳನ್ನು ತಾವೆಲ್ಲ ನೋಡಿದ್ದೀರಿ. ಅಲ್ಲಿ ನಡೆದದ್ದು ಬಂಡೆ ಸೀಳುವ ಕೆಲಸ. ಗುಳಿ ತೋಡಿ, ಬೆಣೆ ಹೊಡೆದು, ಸಾಲಿನುದ್ದಕ್ಕೂ ಸಮನಾಗಿ ಬಡಿಯುತ್ತ ಹೋದರೆ ಕಲ್ಲು ತನ್ನಷ್ಟಕ್ಕೆ ಗೆರೆ ಹಿಡಿದು ಬಿಡುತ್ತದೆ. ತೋಡುವುದು, ಸೀಳುವುದು, ಹದಗೊಳಿಸುವುದು ಇವೆಲ್ಲ ಆದ ಮೇಲೆಯೇ ಕೆತ್ತುವುದರ ಸರದಿ.

ಕಲ್ಲಿನಿಂದ ಲೋಹಕ್ಕೆ ಬಂದರೆ ಕ್ರಿಯಾಪದಗಳು ಇನ್ನಷ್ಟು ನಿಖರವಾಗುತ್ತವೆ, ಏಕೆಂದರೆ ಲೋಹಕ್ಕೆ, ಅದರಲ್ಲೂ ಚಿನ್ನಕ್ಕೆ, ತೂಕದ ಲೆಕ್ಕವಿದೆ. ಅಕ್ಕಸಾಲಿಗರ ಕೆಲಸದಲ್ಲಿ ಎರಡು ದಾರಿಗಳಿವೆ. ಒಂದರಲ್ಲಿ ಚಿನ್ನದ ತಗಡನ್ನು ಬಿಸಿ ಮಾಡಿದ ಅರಗಿನ ಮೇಲೆ ಕೂರಿಸುತ್ತಾರೆ. ಅರಗು ತಣಿದ ಮೇಲೆ ತಗಡನ್ನು ಬಿಗಿಯಾಗಿ ಹಿಡಿಯುತ್ತದೆ, ಆದರೆ ಏಟು ಬಿದ್ದಲ್ಲಿ ತುಸು ಬಗ್ಗಿ ಜಾಗ ಕೊಡುತ್ತದೆ. ಮೊಂಡುಬಾಯಿಯ ಸಣ್ಣ ಸಣ್ಣ ಉಳಿಗಳಿಂದ ಬಡಿದು ಹೂವಿನ ಎಸಳನ್ನು ಎಬ್ಬಿಸುವ, ಹಿನ್ನೆಲೆಯನ್ನು ತಗ್ಗಿಸುವ ಈ ಕೆಲಸವನ್ನು ನಕಾಶಿ ಎನ್ನುತ್ತಾರೆ. ಪಾರಸಿಯ ಕಡೆಯಿಂದ ಬಂದ ಪದ, ನಕ್ಷೆಯ ಬಳಗದ್ದು. ಇಲ್ಲಿ ಚಿನ್ನ ಸರಿದಾಡುತ್ತದೆಯೇ ಹೊರತು ಹೊರಗೆ ಬೀಳುವುದಿಲ್ಲ. ತೂಕ ಹೋದದ್ದು ಬಂದದ್ದು ಇಲ್ಲ. ಎರಡನೆಯ ದಾರಿಯಲ್ಲಿ ಹರಿತವಾದ ಮೊನೆಯನ್ನು ಲೋಹದೊಳಗೆ ನೂಕುತ್ತಾರೆ. ಉಗುರಿನ ಚೂರಿನಂತೆ ಚಿನ್ನದ ಸುರುಳಿ ಎದ್ದು ಬರುತ್ತದೆ, ಅದು ಕೊರೆಯುವುದು. ಆ ಸುರುಳಿಗೂ ಅರದಿಂದ ಉದುರುವ ಪುಡಿಗೂ ಲೆಕ್ಕ ಇಡಬೇಕಾಗುತ್ತದೆ. ಅಕ್ಕಸಾಲೆಯ ಕಸವನ್ನು ತೊಳೆದು ಚಿನ್ನದ ಕಣ ಹೆಕ್ಕುವ ಜಲಗಾರನೆಂಬ ಕಸುಬುದಾರ ಹುಟ್ಟಿಕೊಂಡದ್ದು ಈ ಎರಡನೆಯ ದಾರಿಯಿಂದ. ಗಿರಾಕಿಗೆ ಎರಡೂ ‘ಕೆತ್ತನೆ’ಯಾಗಿ ಕಂಡರೂ ಅಂಗಡಿಯ ತಕ್ಕಡಿಗೆ ಹಾಗಲ್ಲ.

ಕೆತ್ತು ಎಂಬ ಪದಕ್ಕೆ ಅಕ್ಕಸಾಲೆಯಲ್ಲಿ ಇರುವ ಅರ್ಥ ಕೇಳಿದರೆ ಕಲ್ಕುಟಿಗ ಬೆರಗಾದಾನು. ಹರಳು ಕೆತ್ತಿದ ಉಂಗುರ, ವಜ್ರ ಕೆತ್ತಿದ ಕಿರೀಟ ಎನ್ನುವಾಗ ನಾವು ಹೇಳುವುದು ತೆಗೆಯುವುದನ್ನಲ್ಲ, ಕೂರಿಸುವುದನ್ನು. ಗೂಡು ತೋಡಿ ಹರಳನ್ನು ಇಟ್ಟು, ಅಂಚಿನ ಲೋಹವನ್ನು ಅದರ ಮೇಲೆ ಬಾಗಿಸಿ ಬಿಗಿಯುವುದು ಇಲ್ಲಿನ ಕೆತ್ತುವಿಕೆ. ಬೀದರಿನ ಬಿದರಿ ಕೆಲಸದಲ್ಲಿಯೂ ಇದೇ ಜೋಡಿ ಇದೆ: ಸತು ಹೆಚ್ಚು, ತಾಮ್ರ ಕಡಿಮೆ ಇರುವ ಮಿಶ್ರಲೋಹದ ಪಾತ್ರೆಯ ಮೇಲೆ ಉಳಿಯಿಂದ ಜಾಡು ತೆಗೆದು, ಅದರಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಲ್ಲಿ ಸತುವಿನ ಮೈಯನ್ನು ಕಪ್ಪಾಗಿಸುತ್ತಾರೆ. ಬೆಳ್ಳಿ ಕಪ್ಪಾಗದೆ ಉಳಿಯುತ್ತದೆ.

ದಾವಣಗೆರೆಯ ಮಂಡಿಪೇಟೆಯ ಸುತ್ತಿನ ಪಾತ್ರೆ ಅಂಗಡಿಗಳಲ್ಲಿ ಮದುವೆ, ಗೃಹಪ್ರವೇಶಗಳ ಕಾಲಕ್ಕೆ ಈ ಕಸುಬಿನ ಸರಳ ರೂಪ ದಿನವಿಡೀ ನಡೆಯುತ್ತಿರುತ್ತದೆ. ಉಡುಗೊರೆ ಕೊಳ್ಳುವವರು ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟು, ‘ಇದಕ್ಕೆ ಹೆಸರು ಹಾಕಿ’ ಎನ್ನುತ್ತಾರೆ, ಇಲ್ಲವೇ ‘ಹೆಸರು ಹೊಡೆದುಕೊಡಿ’ ಎನ್ನುತ್ತಾರೆ. ಕೊರೆಯಿರಿ ಎಂದೋ ಕೆತ್ತಿರಿ ಎಂದೋ ಹೇಳಿದವರನ್ನು ನಾನು ಕೇಳಿಲ್ಲ. ಅಂಗಡಿಯವನು ಪೆನ್ನಿನ ಗಾತ್ರದ ವಿದ್ಯುತ್ ಉಪಕರಣವನ್ನು ಹಿಡಿದರೆ ಅದರ ಮೊನೆ ಕ್ಷಣಕ್ಕೆ ಹತ್ತಾರು ಬಾರಿ ಕುಣಿದು, ಸ್ಟೀಲಿನ ಮೇಲೆ ಚುಕ್ಕಿಗಳನ್ನು ಒಂದಕ್ಕೊಂದು ಅಂಟಿದಂತೆ ಬಿಡುತ್ತ ಹೋಗುತ್ತದೆ. ಹಿಂದಿನ ಹಿತ್ತಾಳೆ ತಂಬಿಗೆಗಳಲ್ಲಿ ಉಳಿ ಮತ್ತು ಸುತ್ತಿಗೆಯಿಂದ ಹಾಕಿದ ಹೆಸರುಗಳನ್ನು ನೋಡಿ. ಅಲ್ಲಿ ಚುಕ್ಕಿಗಳ ನಡುವೆ ಬಿಡುವು ಇರುತ್ತದೆ, ದುಂಡಾದ ಕನ್ನಡ ಅಕ್ಷರವನ್ನು ತಿರುಗಿಸುವಲ್ಲಿ ಚುಕ್ಕಿಗಳು ಒತ್ತೊತ್ತಾಗುತ್ತವೆ. ತೆಳು ತಟ್ಟೆಯಾದರೆ ಹೆಸರಿರುವ ಕಡೆಯ ಹಿಂಬದಿಯಲ್ಲಿ ಬೆರಳಾಡಿಸಿದಾಗ ಸಣ್ಣ ಉಬ್ಬುಗಳು ತಾಗುತ್ತವೆ. ಲೋಹ ಎಲ್ಲಿಗೂ ಹೋಗಿಲ್ಲ, ಆ ಕಡೆಗೆ ಸರಿದಿದೆ. ‘ಹೊಡೆ’ ಎಂಬುದೇ ಈ ಕೆಲಸಕ್ಕೆ ಒಪ್ಪುವ ಮಾತು. ಗಿರಾಕಿ ಯಾವ ನಿಘಂಟನ್ನೂ ನೋಡದೆ ಸರಿಯಾದ ಕ್ರಿಯಾಪದವನ್ನೇ ಹೇಳಿದ್ದಾನೆ.

ಮೂರನೆಯ ಬಳಗ ಅಚ್ಚಿನದು. ಇಲ್ಲಿ ಕೊರೆದ ವಸ್ತುವೇ ಕೊನೆಯ ವಸ್ತುವಲ್ಲ. ಅದರಿಂದ ಇನ್ನೊಂದು ರೂಪ ಹುಟ್ಟುತ್ತದೆ. ಹಾಗಾಗಿ ಕೊರೆಯುವವನು ಎಲ್ಲವನ್ನೂ ತಿರುಗುಮುರುಗಾಗಿ ಯೋಚಿಸಬೇಕು. ನಾಣ್ಯದ ಅಚ್ಚಿನಲ್ಲಿ ಅಕ್ಷರ ಎಡಬಲ ಅದಲುಬದಲಾಗಿರಬೇಕು, ನಾಣ್ಯದಲ್ಲಿ ಉಬ್ಬಾಗಬೇಕಾದದ್ದು ಅಚ್ಚಿನಲ್ಲಿ ತಗ್ಗಾಗಿರಬೇಕು. ಚಂದ್ರವಳ್ಳಿಯಲ್ಲಿ ಸಾತವಾಹನರ ಕಾಲದ ಸೀಸದ ನಾಣ್ಯಗಳೂ, ರೋಮನ್ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. ಎಲ್ಲೋ ದೂರದ ಊರಿನ ಅಚ್ಚುಗಾರನ ಕೈಕೆಲಸ ಹೀಗೆ ನಮ್ಮ ಮಣ್ಣಿಗೆ ಬಂದಿದೆ. ದುರ್ಗದ ಕೋಟೆಯೊಳಗೆ ಟಂಕಸಾಲೆಯೆಂದು ತೋರಿಸುವ ಕಟ್ಟಡವಿದೆ. ಟಂಕವೆಂದರೆ ಉಳಿಯೂ ಹೌದು, ನಾಣ್ಯವೂ ಹೌದು. ಇದಕ್ಕೆ ಕನ್ನಡದಲ್ಲಿ ಕಮ್ಮಟ ಎಂಬ ಇನ್ನೊಂದು ಹಳೆಯ ಹೆಸರಿದೆ. ಈಗ ಕಾವ್ಯ ಕಮ್ಮಟ, ಕಥಾ ಕಮ್ಮಟಗಳು ನಡೆಯುತ್ತವೆ. ನಾಣ್ಯಗಳು ಒಂದೇ ಅಚ್ಚಿನಲ್ಲಿ ಒಂದೇ ಸಮ ಹೊರಬೀಳುವ ಜಾಗದ ಹೆಸರನ್ನು ಕವಿಗಳ ತರಬೇತಿಗೆ ಇಟ್ಟವರು ಯಾರೋ, ಪರಿಹಾಸ್ಯಕ್ಕಂತೂ ಇಟ್ಟಿರಲಾರರು.

ಮುದ್ರಣ ಬಂದಾಗ ಈ ಬಳಗ ಹಿಗ್ಗಿತು. 1843ರ ಜುಲೈ 1ರಂದು ಹೊರಬಂದ ‘ಮಂಗಳೂರ ಸಮಾಚಾರ’ ಮುದ್ರಣಗೊಂಡದ್ದು ಕಲ್ಲಚ್ಚಿನಲ್ಲಿ. ಹೆಸರು ಕೇಳಿ ಅಲ್ಲಿ ಕಲ್ಲನ್ನು ಕೊರೆಯುತ್ತಿದ್ದರೆಂದು ಅನೇಕರು ತಿಳಿದಿದ್ದಾರೆ. ಕಲ್ಲಚ್ಚಿನಲ್ಲಿ ಕಲ್ಲಿಗೆ ಉಳಿ ತಾಗುವುದೇ ಇಲ್ಲ. ನಯಗೊಳಿಸಿದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆಯುತ್ತಾರೆ. ಕಲ್ಲನ್ನು ಒದ್ದೆ ಮಾಡಿ ಮಸಿಯ ಉರುಳೆಯನ್ನು ಓಡಿಸಿದರೆ ಜಿಡ್ಡಿರುವಲ್ಲಿ ಮಸಿ ಹಿಡಿಯುತ್ತದೆ, ನೀರಿರುವಲ್ಲಿ ಹಿಡಿಯುವುದಿಲ್ಲ. ಬವೇರಿಯಾದ ಸೆನೆಫೆಲ್ಡರ್ 1790ರ ದಶಕದಲ್ಲಿ ಕಂಡುಹಿಡಿದ ಈ ವಿಧಾನದಲ್ಲಿ ತಗ್ಗೂ ಇಲ್ಲ, ಉಬ್ಬೂ ಇಲ್ಲ. ನಿಜವಾಗಿ ಕೊರೆಯುವ ಕೆಲಸವಿದ್ದದ್ದು ಅಚ್ಚುಮೊಳೆಯಲ್ಲಿ. ಉಕ್ಕಿನ ಪಂಚಿನ ತುದಿಯಲ್ಲಿ ಅಕ್ಷರವನ್ನು ತಿರುಗಿಸಿ ಉಬ್ಬಾಗಿ ಉಳಿಸಬೇಕು. ಆ ಪಂಚನ್ನು ತಾಮ್ರಕ್ಕೆ ಹೊಡೆದಾಗ ಅಕ್ಷರ ನೇರವಾಗಿ ತಗ್ಗಾಗಿ ಕೂರುತ್ತದೆ. ಆ ತಗ್ಗಿಗೆ ಸೀಸದ ಮಿಶ್ರಲೋಹ ಹೊಯ್ದು ತೆಗೆದ ಮೊಳೆಯಲ್ಲಿ ಮತ್ತೆ ತಿರುಗಿ, ಕಾಗದದ ಮೇಲೆ ನೇರವಾಗುತ್ತದೆ. ಕೊರೆಯುವುದು, ಹೊಡೆಯುವುದು, ಹೊಯ್ಯುವುದು, ಒತ್ತುವುದು: ಒಂದು ‘ಕ’ ಓದುಗನನ್ನು ತಲುಪಲು ನಾಲ್ಕು ಕ್ರಿಯಾಪದಗಳನ್ನು ದಾಟಬೇಕಿತ್ತು. ಕನ್ನಡದಲ್ಲಿ ಒತ್ತಕ್ಷರಗಳಿಗೆ ಬೇರೆ ಮೊಳೆಗಳು ಬೇಕಾದ್ದರಿಂದ ಈ ಶ್ರಮ ಇನ್ನಷ್ಟು ಹೆಚ್ಚಿತ್ತು. ಚಿತ್ರಗಳಿಗಾಗಿ ಸತುವಿನ ತಗಡನ್ನು ಆಮ್ಲಕ್ಕೆ ತಿನ್ನಿಸಿ, ಮರದ ತುಂಡಿಗೆ ಮೊಳೆ ಹೊಡೆದು ಕೂರಿಸಿದ ಬ್ಲಾಕುಗಳನ್ನು ಹಳೆಯ ಮುದ್ರಣಾಲಯದವರು ಬಲ್ಲರು. ಆಮ್ಲದ ಕೆಲಸಕ್ಕೆ ಅವರು ‘ತಿನ್ನಿಸುವುದು’ ಎಂದದ್ದು ನನಗೆ ತುಂಬ ಹಿಡಿಸಿದೆ. ಪರಿಭಾಷಾ ಸಮಿತಿಗಳು ಇಂಥದಕ್ಕೆ ಸಂಸ್ಕೃತದ ಉದ್ದನೆಯ ಸಮಾಸವನ್ನು ಹುಡುಕಿಕೊಂಡು ಹೋಗುವ ಅಗತ್ಯವಿರಲಿಲ್ಲ.

ಶಾಸನ ಸಂಶೋಧಕರ ‘ಪಡಿಯಚ್ಚು’ ಕೂಡ ಇದೇ ಬಳಗದ ಪದ. ತೊಳೆದ ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ತಗ್ಗಿನೊಳಗೆ ಕಾಗದವನ್ನು ಇಳಿಸಿ, ಮೇಲೆ ಮಸಿಯ ಉಂಡೆಯನ್ನು ಮೆಲ್ಲಗೆ ಒತ್ತುತ್ತ ಹೋದರೆ, ತಗ್ಗಿನಲ್ಲಿರುವ ಅಕ್ಷರ ಬಿಳಿಯಾಗಿಯೂ ಉಳಿದದ್ದು ಕಪ್ಪಾಗಿಯೂ ಬರುತ್ತದೆ. ಎಂಟುನೂರು ವರ್ಷಗಳ ಹಿಂದೆ ಕಂಡರಿಸಿದ ಕಲ್ಲು ಇಲ್ಲಿ ತಾನೇ ಅಚ್ಚಾಗುತ್ತದೆ. ಅಕ್ಷರ ತಿರುಗುಮುರುಗಾಗದೆ ನೇರವಾಗಿಯೇ ಬರುವುದು ಇದರ ಅನುಕೂಲ.

ಉಪನ್ಯಾಸದ ಬಳಿಕ ಯುವಕರೊಬ್ಬರು, ಲೇಸರ್ ಕೆಲಸಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ಕೇಳಿದರು. ಅಂಗಡಿಯವರು ‘ಲೇಸರ್ ಹೊಡೆಯುವುದು’ ಎನ್ನುತ್ತಿದ್ದಾರೆ, ಅದು ಚಲಾವಣೆಯಲ್ಲಿದೆ, ಇರಲಿ. ಆದರೆ ಮೇಲೆ ಹೇಳಿದ ಅಳತೆಗೋಲನ್ನು ಇಲ್ಲಿಯೂ ಹಿಡಿಯಬಹುದು. ಮರದ ಮೇಲೆ ಲೇಸರ್ ಸುಡುತ್ತದೆ. ಅದು ಅಕ್ಷರಶಃ ಬರೆ. ಹೊಳಪಿನ ಕಪ್ಪು ಗ್ರಾನೈಟಿನ ಮೇಲೆ ಅದು ಮೇಲ್ಪದರವನ್ನು ಸಿಡಿಸಿ ಬಿಳಿಚಿದ ಚುಕ್ಕಿಗಳನ್ನು ಮಾಡುತ್ತದೆ, ಆಳಕ್ಕೆ ಹೋಗುವುದಿಲ್ಲ. ಶಂಕುಸ್ಥಾಪನೆಯ ಫಲಕಗಳಲ್ಲಿ ಕಾಣುವ ಆಳವಾದ ಚಿನ್ನದ ಬಣ್ಣದ ಅಕ್ಷರಗಳು ಸಾಮಾನ್ಯವಾಗಿ ಲೇಸರಿನವಲ್ಲ. ಅಕ್ಷರದ ಜಾಗ ಬಿಟ್ಟು ಉಳಿದೆಡೆ ಸ್ಟಿಕ್ಕರ್ ಅಂಟಿಸಿ, ಒತ್ತಡದಲ್ಲಿ ಮರಳು ಚಿಮ್ಮಿಸಿ ಕಲ್ಲನ್ನು ತಿನ್ನಿಸಿದವು. ಎರಡಕ್ಕೂ ಒಂದೇ ಪದ ಬೇಡ ಎಂಬುದು ನನ್ನ ಸಲಹೆ.

ಎರಡನೆಯ ಪ್ರಶ್ನೆ ಹೆಚ್ಚು ಉಪಯುಕ್ತವಾದದ್ದು: ನಮ್ಮೂರ ವೀರಗಲ್ಲುಗಳಲ್ಲಿ ಕಂಡರಿಸಿದವನ ಹೆಸರು ಏಕಿಲ್ಲ? ಬಹುಪಾಲು ವೀರಗಲ್ಲುಗಳಲ್ಲಿ ಹೆಸರು ಹಾಕಿಲ್ಲ ಎಂಬುದು ನಿಜ. ದೊಡ್ಡ ದೇವಾಲಯದ ಓಜನಿಗಿದ್ದ ಬಿರುದಿನ ಹಮ್ಮು ಹಳ್ಳಿಯ ಕಲ್ಕುಟಿಗನಿಗೆ ಇರಲಿಲ್ಲ, ಜಾಗವೂ ಇರಲಿಲ್ಲ. ಆದರೆ ಇಲ್ಲವೆಂದು ತೀರ್ಮಾನಿಸುವ ಮುನ್ನ ಕಲ್ಲನ್ನು ಪೂರ್ತಿ ನೋಡಿದ್ದೇವೆಯೇ ಎಂದು ಕೇಳಿಕೊಳ್ಳಬೇಕು. ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಕೈಲಾಸ ಎಂಬ ಮೂರು ಹಂತಗಳ ನಡುವಿನ ಪಟ್ಟಿಕೆಗಳಲ್ಲಿ ಬರಹವಿರುತ್ತದೆ. ಅದರ ಕೊನೆಯ ಸಾಲು ತೀರಾ ಕೆಳಗೆ ಇಳಿದಿದ್ದರೆ ಕಲ್ಲನ್ನು ಮತ್ತೆ ನೆಟ್ಟಾಗ ಮಣ್ಣಿನೊಳಗೆ ಹೋಗಿರುತ್ತದೆ. ಬಣ್ಣ, ಸುಣ್ಣ, ಎಣ್ಣೆಗಳ ಪದರದ ಕೆಳಗೂ ಸಾಲುಗಳು ಅಡಗಿರುತ್ತವೆ. ನೋಡಲು ಹೋಗುವವರು ತಂತಿ ಬ್ರಷ್ಷಿನಿಂದ ಉಜ್ಜಬಾರದು, ಅಕ್ಷರದೊಳಗೆ ಸೀಮೆಸುಣ್ಣ ತುಂಬಲೂಬಾರದು; ತುಂಬಿದವರು ತಮಗೆ ಕಂಡಂತೆ ತುಂಬುವುದರಿಂದ ಮುಂದೆ ಓದುವವರ ದಾರಿ ತಪ್ಪುತ್ತದೆ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮೈಗೆ ಒತ್ತಿದಂತೆ ಪಕ್ಕದಿಂದ ಹಿಡಿದು, ಎಡದಿಂದ ಒಮ್ಮೆ, ಮೇಲಿನಿಂದ ಒಮ್ಮೆ ಬೆಳಕು ಹಾಯಿಸಿ ಫೋಟೊ ತೆಗೆದರೆ ಸಾಕು. ಕಗ್ಗಲ್ಲಿನ ಅಕ್ಷರಗಳಿಗೆ ಎಡಬಲಗಳ ಬೆಳಕು ಎರಡೂ ಬೇಕಾಗುತ್ತದೆ, ಏಕೆಂದರೆ ಅವುಗಳ ಆಳ ಒಂದೇ ಸಮನಾಗಿರುವುದಿಲ್ಲ.